ಬಾಣಂತನದ ಮನೆಯಲ್ಲಿ ಹಾವಿನ ಮರಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರ ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎಂಬುದನ್ನು ನಮ್ಮ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ಲೇಹ್ಯ, ಓಮ, ಕಾಳುಮೆಣಸು, ಹಳೆಯ ಪಂಚೆ ಹರಿದು ಹೊಲಿದ ಮೆತ್ತನೆಯ ಬಟ್ಟೆಗಳು. ನಾನು ಇವುಗಳ ಜತೆಗೆ ಕುಕ್ಕೆ ಸುಬ್ರಹ್ಮಣ್ಯದ ಕುಂಕುಮವನ್ನೂ ಇಟ್ಟುಕೊಂಡಿದ್ದೆ. ಹೊರಡುವ ಮೊದಲು ಅಲ್ಲಿ ಆಶ್ಲೇಷಾ ಬಲಿ ಮಾಡಿಸಿ, ಹೆರಿಗೆ ಸುಸೂತ್ರವಾಗಲಪ್ಪಾ ಎಂದು ನಾಗನಿಗೆ ಕೈಮುಗಿದು ಬಂದವಳು. ಹುತ್ತದ ಮಣ್ಣಿನ ಪ್ರಸಾದವನ್ನೂ ಒಯ್ಯುವ ಮನಸ್ಸಿತ್ತು. ಆ ದೇಶದೊಳಕ್ಕೆ ಹೊರಗಿನ ಮಣ್ಣು ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ತಾಪತ್ರಯವಾದೀತು ಎಂದು ಅಳಿಯಂದಿರು ಫೋನಿನಲ್ಲೇ ಎಚ್ಚರಿಸಿದ್ದರಿಂದ ಬಿಟ್ಟುಬಂದೆ. ಮಣ್ಣಿನ ವಿಷಯ ಅಷ್ಟು ಜ್ಞಾಪಕದಿಂದ ಹೇಳಿದ ಅಳಿಯಂದಿರು ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಮಾತ್ರ ಜಾಣತನದಿಂದ ನುಂಗಿಕೊಂಡಿದ್ದರು.

2023ರ ಸೆಪ್ಟೆಂಬರ್ ತಿಂಗಳು. ಉತ್ತರ ಕರೊಲಿನಾ ರಾಜ್ಯದ ರಾಲಿ ಎಂಬ ಊರಿನ ಹೊರವಲಯದಲ್ಲಿ ಮಗಳ ಮನೆ. ಕೈಕಾಲು ತೊಳೆದು, ಕಾಫಿ ಕುಡಿದು, ಹತ್ತು ವರ್ಷದ ಮೊಮ್ಮಗ ಕೈಹಿಡಿದು ಎಳೆದನೆಂದು ಅವನ ಕೋಣೆಗೆ ಹೋದೆ. ಮೇಜಿನ ಮೇಲೆ ಒಂದು ಗಾಜಿನ ಪೆಟ್ಟಿಗೆ. ಒಳಗೆ ಮರದ ಹೊಟ್ಟು ಹಾಸಿ, ಎರಡು ಮೂಲೆಯಲ್ಲಿ ಎರಡು ಪುಟ್ಟ ಗುಹೆಯಂಥವನ್ನು ಇಟ್ಟು, ಒಂದು ಬಟ್ಟಲಲ್ಲಿ ನೀರು ತುಂಬಿಸಿದ್ದರು. ಮೀನು ಸಾಕಿದ್ದಾನೇನೋ, ನೀರು ತುಂಬಿಸಲು ಮರೆತಿದ್ದಾನೇನೋ ಎಂದುಕೊಂಡೆ. ಅಷ್ಟರಲ್ಲಿ ಒಂದು ಗುಹೆಯ ಬಾಯಿಂದ ನನ್ನ ಕಿರುಬೆರಳ ತುದಿಯಷ್ಟಿರುವ ತಲೆಯೊಂದು ಹೊರಬಂದು ನಾಲಗೆ ಚಾಚಿತು.

"ಅಜ್ಜೀ, ಹೆದರಬೇಡ. ಕಾರ್ನ್ ಸ್ನೇಕ್. ವಿಷ ಇಲ್ಲ. ಇದರ ಹೆಸರು ನೂಡಲ್."

ನಾನು ಬಾಗಿಲಿನ ಆಚೆಗೆ ನಿಂತು, "ನೂಡಲ್ ಅಂದರೆ ಎಂತದು ಮಾರಾಯ?" ಎಂದೆ.

ಅವನು ಸ್ವಲ್ಪ ಯೋಚಿಸಿ, "ಶಾವಿಗೆ" ಎಂದ.

ಆ ಹೆಸರೇ ನಮ್ಮ ಬಾಯಲ್ಲಿ ನಿಂತಿತು. ಹತ್ತನೆಯ ಹುಟ್ಟುಹಬ್ಬಕ್ಕೆ ಹಾವು ಕೊಡಿಸುತ್ತೇನೆಂದು ಅಪ್ಪ ಎರಡು ವರ್ಷದ ಹಿಂದೆಯೇ ಮಾತು ಕೊಟ್ಟಿದ್ದರಂತೆ. ಹಾವು ಬೇಡುವ ಮಗ, ಕೊಡುತ್ತೇನೆನ್ನುವ ಅಪ್ಪ, ಹೂಂ ಎನ್ನುವ ನನ್ನ ಮಗಳು. ಆಗ ಅವಳಿಗೆ ಎಂಟನೆಯ ತಿಂಗಳು ನಡೆಯುತ್ತಿತ್ತು.

ನನಗೆ ಹಾವೆಂದರೆ ಬರೇ ಹೆದರಿಕೆ ಎಂದರೆ ಪೂರ್ತಿ ಹೇಳಿದಂತಾಗುವುದಿಲ್ಲ. 1966ರ ಆಟಿ ತಿಂಗಳಲ್ಲಿ, ನನಗೆ ಒಂಬತ್ತು ವರ್ಷ, ತಮ್ಮನಿಗೆ ಐದು. ಪುತ್ತೂರಿನಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಇಬ್ಬರೂ ಒಂದೇ ಚಾಪೆಯಲ್ಲಿ ಮಲಗಿದ್ದೆವು. ಬೆಳಗಿನ ಜಾವ ಅವನು ಹೊಟ್ಟೆನೋವೆಂದು ಅತ್ತ. ಶುಂಠಿ ಕಷಾಯ ಕೊಟ್ಟರು. ಬೆಳಕು ಹರಿಯುವಾಗ ಅವನ ಕಣ್ಣೆವೆ ಎತ್ತಲಾಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಚಾಪೆ ಎತ್ತಿದಾಗ ಅದರಡಿಯಲ್ಲಿ ಕಪ್ಪು ಮೈಗೆ ಬಿಳಿ ಗೆರೆಗಳ ಕಟ್ಟುಹಾವು ಸುತ್ತಿಕೊಂಡಿತ್ತು. ಕಟ್ಟುಹಾವು ಕಚ್ಚಿದ್ದು ನಿದ್ದೆಯಲ್ಲಿರುವವರಿಗೆ ಎಷ್ಟೋ ಸಲ ತಿಳಿಯುವುದೂ ಇಲ್ಲ. ನೋವಿಲ್ಲ, ಬಾವಿಲ್ಲ, ಗುರುತೂ ಸರಿಯಾಗಿ ಕಾಣಿಸುವುದಿಲ್ಲ. ಆಗಿನ ಕಾಲಕ್ಕೆ ಮಳೆಯಲ್ಲಿ ಹೊಳೆ ದಾಟಿ ಆಸ್ಪತ್ರೆಗೆ ಹೋಗುವ ಮಾತೇ ಇರಲಿಲ್ಲ. ವಿಷ ಇಳಿಸುವವರೊಬ್ಬರನ್ನು ಕರೆತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಎಲ್ಲ ಮುಗಿದಿತ್ತು. "ಹುಳ ಮುಟ್ಟಿತು" ಎಂದರೇ ಹೊರತು ನಮ್ಮ ಮನೆಯಲ್ಲಿ ಆಮೇಲೆ ಯಾರೂ ಆ ಪ್ರಾಣಿಯ ಹೆಸರೆತ್ತಿ ಆ ದಿನದ ಮಾತಾಡಲಿಲ್ಲ. ಅಮ್ಮ ಸಾಯುವವರೆಗೂ ನೆಲದಲ್ಲಿ ಯಾರನ್ನೂ ಮಲಗಗೊಡಲಿಲ್ಲ.

ಇಷ್ಟಾದರೂ ನಾಗರಪಂಚಮಿ ಬಂದರೆ ಬನಕ್ಕೆ ಹೋಗಿ ತನು ಎರೆಯುವುದು ತಪ್ಪಲಿಲ್ಲ. ನಮ್ಮ ಜಿಲ್ಲೆಯ ರೀತಿಯೇ ಹಾಗೆ. ನಾಗರಹಾವನ್ನು ಕೊಲ್ಲುವುದಿಲ್ಲ. ಸತ್ತದ್ದು ಕಂಡರೆ ಮನುಷ್ಯರಿಗೆ ಮಾಡುವ ಹಾಗೆ ಸಂಸ್ಕಾರ ಮಾಡುತ್ತೇವೆ. ಉಳಿದ ಹಾವುಗಳಿಗೆ ದೊಣ್ಣೆ. ವಿಷವಿರುವುದಕ್ಕೂ ದೊಣ್ಣೆ, ಇಲ್ಲದ ಬಡಪಾಯಿ ಕೇರೆಗೂ ದೊಣ್ಣೆ. ಕೈಮುಗಿಯುವುದು ಅಥವಾ ಕೊಲ್ಲುವುದು, ಈ ಎರಡರ ಹೊರತಾಗಿ ಹಾವಿನೊಡನೆ ಇನ್ನೊಂದು ಸಂಬಂಧ ಇದ್ದೀತೆಂದು ಅರುವತ್ತಾರು ವರ್ಷ ನನಗೆ ತೋರಿರಲೇ ಇಲ್ಲ. ಇಲ್ಲಿ ನೋಡಿದರೆ ಹತ್ತು ವರ್ಷದ ಹುಡುಗನೊಬ್ಬ ಹಾವಿಗೆ ಶಾವಿಗೆ ಎಂದು ಹೆಸರಿಟ್ಟು, ಅದು ನೀರು ಕುಡಿಯಿತೇ ಇಲ್ಲವೇ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

ಶಾವಿಗೆ ಒಂದು ಗೇಣಿಗಿಂತ ತುಸು ಉದ್ದ, ಪೆನ್ಸಿಲಿನಷ್ಟು ದಪ್ಪ. ಬೂದು ಮೈಗೆ ಕಂದು ಮಚ್ಚೆಗಳು. ದೊಡ್ಡದಾದ ಮೇಲೆ ಕಿತ್ತಳೆ, ಇಟ್ಟಿಗೆಕೆಂಪು ಬಣ್ಣಗಳು ಏರುತ್ತವಂತೆ. ನಾಲ್ಕೈದು ಅಡಿ ಬೆಳೆಯಬಹುದು. ಅಮೆರಿಕದ ಆಗ್ನೇಯ ಭಾಗದ ಕಾಡುಮೇಡುಗಳ ಹಾವು ಅದು. ನಮ್ಮ ಕೇರೆಯ ಹಾಗೆಯೇ ಇಲಿ ಹಿಡಿದು ಬದುಕುವ ಸಾಧು ಜಾತಿ. ಹೊಟ್ಟೆಯ ಕೆಳಗಿನ ಕಪ್ಪುಬಿಳಿ ಚೌಕಗಳು ಜೋಳದ ತೆನೆಯ ಕಾಳಿನಂತೆ ಕಾಣುವುದರಿಂದ ಆ ಹೆಸರು ಬಂತೆಂದು ಕೆಲವರು, ಜೋಳದ ಕಣಜದಲ್ಲಿ ಇಲಿಗಾಗಿ ಬರುತ್ತಿದ್ದುದರಿಂದ ಎಂದು ಕೆಲವರು. ಅಲ್ಲಿಯ ಜನರೂ ಇದನ್ನು ಕಂಡು ಕಾಪರ್‌ಹೆಡ್ ಎಂಬ ವಿಷದ ಹಾವೆಂದು ತಪ್ಪು ತಿಳಿದು ಹೊಡೆದುಹಾಕುವುದುಂಟು. ದೊಣ್ಣೆಯ ವಿಷಯದಲ್ಲಿ ದೇಶದೇಶಗಳಿಗೆ ಅಂಥ ವ್ಯತ್ಯಾಸವಿಲ್ಲವೆಂದು ಅಲ್ಲಿಯೂ ಕಂಡುಕೊಂಡೆ.

ಪಳಗಿಸುವುದೆಂದರೆ ಮೊದಲ ದಿನದಿಂದಲೇ ಹಿಡಿದು ಎತ್ತಿ ಆಡಿಸುವುದೆಂದು ನಾನು ತಿಳಿದಿದ್ದೆ. ಮೊಮ್ಮಗನೂ ಹಾಗೆಯೇ ತಿಳಿದಿದ್ದ. ಆದರೆ ಮೊದಲ ನಿಯಮವೇ ಮುಟ್ಟಬಾರದೆಂಬುದು. ಹೊಸ ಜಾಗಕ್ಕೆ ಬಂದ ಮರಿಯನ್ನು ಒಂದು ವಾರ ಅದರ ಪಾಡಿಗೆ ಬಿಡಬೇಕು. ನೀರು ಬದಲಿಸುವಾಗ ಮಾತ್ರ ಕೈ ಒಳಗೆ ಹೋಗಬೇಕು. ಕೋಣೆಯಲ್ಲಿ ದಡದಡ ನಡೆಯಬಾರದು. ಹಾವಿಗೆ ಹೊರಗಿವಿ ಇಲ್ಲದಿದ್ದರೂ ನೆಲದ ನಡುಕವೆಲ್ಲ ದವಡೆಯ ಮೂಲಕ ತಿಳಿಯುತ್ತದೆ. ಪೆಟ್ಟಿಗೆಯ ಒಂದು ಬದಿಯ ಅಡಿಯಲ್ಲಿ ಬೆಚ್ಚಗಿಡುವ ಚಾಪೆಯಂಥದೊಂದಿತ್ತು. ಆ ಬದಿ ಸುಮಾರು 29 ಡಿಗ್ರಿ, ಈ ಬದಿ 24. ತನಗೆ ಬೇಕಾದ ಶಾಖವನ್ನು ತಾನೇ ಹುಡುಕಿಕೊಳ್ಳುವ ಪ್ರಾಣಿ ಅದು, ಹಸಿದಾಗ ಒಂದು ಕಡೆ, ಉಂಡಾಗ ಇನ್ನೊಂದು ಕಡೆ. ಪೆಟ್ಟಿಗೆ ತೀರ ದೊಡ್ಡದಾದರೂ ಮರಿಗೆ ದಿಗಿಲಂತೆ. ಅಡಗಲು ಎಡೆಯಿದ್ದರೆ ಮಾತ್ರ ಅದು ಹೊರಗೆ ಬರುವ ಧೈರ್ಯ ಮಾಡುತ್ತದೆ. ಗುಹೆ ತೆಗೆದುಬಿಟ್ಟರೆ ದಿನವಿಡೀ ಕಾಣಿಸೀತಲ್ಲ ಎಂದು ಹುಡುಗ ಕೇಳಿದ. ಕಾಣಿಸೀತು, ಆದರೆ ತಿನ್ನಲಿಕ್ಕಿಲ್ಲ ಎಂದರು ಅಪ್ಪ.

ಗುಹೆ ಎರಡಿದ್ದರೂ ಅದು ತಿನ್ನಲಿಲ್ಲ. ಇಲ್ಲಿ ನಮ್ಮ ಅಡಿಗೆಮನೆಯ ವಿಷಯವನ್ನೂ ಹೇಳಬೇಕು. ನಮ್ಮದು ಈರುಳ್ಳಿ ಬೆಳ್ಳುಳ್ಳಿಯನ್ನೂ ಎಣಿಸಿ ಹಾಕುವ ಮನೆ. ಹಾವಿನ ಆಹಾರವೋ, ಹುಟ್ಟಿದ ಒಂದೆರಡು ದಿನದ ಇಲಿಮರಿ. ಹಿಮಗಟ್ಟಿಸಿ ಪೊಟ್ಟಣ ಕಟ್ಟಿ ಮಾರುತ್ತಾರೆ. ತುರಿದ ತೆಂಗಿನಕಾಯಿಯ ಪೊಟ್ಟಣದ ಪಕ್ಕದಲ್ಲಿ ಇಲಿಮರಿಯ ಪೊಟ್ಟಣವಿದ್ದರೆ ನಾನು ಮರುದಿನದ ವಿಮಾನ ಹತ್ತುತ್ತೇನೆಂದು ಹೇಳಿದೆ. ಅಳಿಯಂದಿರು ಕಾರು ನಿಲ್ಲಿಸುವ ಕೋಣೆಯಲ್ಲಿ ಅದಕ್ಕೆಂದೇ ಒಂದು ಚಿಕ್ಕ ಫ್ರೀಜರ್ ಇಟ್ಟರು. ನೀರಲ್ಲಿ ಬೆಚ್ಚಗೆ ಮಾಡಿ, ಚಿಮುಟದಲ್ಲಿ ಹಿಡಿದು, ಮೂಗಿನ ಮುಂದೆ ತುಸು ಅಲುಗಿಸಿದರೆ ಹಾವು ಹಿಡಿಯಬೇಕು. ಶಾವಿಗೆ ಮುಖ ತಿರುಗಿಸಿ ಗುಹೆಗೆ ಹೋಯಿತು. ಐದು ದಿನ ಬಿಟ್ಟು ಮತ್ತೆ ಕೊಟ್ಟರು, ಮತ್ತೆ ಹೋಯಿತು.

ಅಡಿಗೆಯ ತಕ್ಕಡಿಯಂಥ ಬೇರೊಂದು ತಕ್ಕಡಿಯಲ್ಲಿ, ಡಬ್ಬಿಯೊಳಗಿಟ್ಟು ಅದನ್ನು ತೂಗಿದರು. ಏಳು ಗ್ರಾಂ. ಒಂದು ಪವನಿಗೆ ಎಂಟು ಗ್ರಾಂ. ನನ್ನ ಕೊರಳ ಸರದಲ್ಲಿ ಇದರಂಥ ನಾಲ್ಕು ಹಾವಿನ ತೂಕವಿದೆಯಲ್ಲ ಎನಿಸಿತು. ಐದೂವರೆ ದಶಕಗಳಿಂದ ನನ್ನನ್ನು ರಾತ್ರಿ ಬ್ಯಾಟರಿ ಇಲ್ಲದೆ ಹೊಸ್ತಿಲು ದಾಟದಂತೆ ಮಾಡಿದ ಜಾತಿಯ ಪ್ರಾಣಿ ಒಂದು ಪವನಿಗಿಂತ ಹಗುರವಾಗಿ ತಕ್ಕಡಿಯಲ್ಲಿ ಕುಳಿತು, ಹಸಿದು, ತಿನ್ನಲೂ ಹೆದರುತ್ತಿತ್ತು. ಹುಡುಗ ಊಟ ಬಿಟ್ಟ. "ಸತ್ತರೆ ಎಂತ ಮಾಡುವುದು ಅಜ್ಜಿ?" ಎಂದು ನನ್ನನ್ನು ಕೇಳಿದ. ಆ ಮನೆಯಲ್ಲಿ ಆ ಪ್ರಶ್ನೆಯನ್ನು ಕೇಳಲು ಅವನಿಗೆ ನಾನೇ ಸಿಗಬೇಕಿತ್ತು.

ಹಾವು ಸಾಕಿ ಮಾರುವವರು ಕೊಟ್ಟ ಉಪಾಯ ಬಹಳ ಸರಳವಾಗಿತ್ತು. ಒಂದು ಸಣ್ಣ ಡಬ್ಬಿ, ಮುಚ್ಚಳಕ್ಕೆ ಗಾಳಿಯ ತೂತು, ಒಳಗೆ ಹಾವೂ ಇಲಿಮರಿಯೂ. ಕತ್ತಲಲ್ಲಿ ರಾತ್ರಿಯಿಡೀ ಇಟ್ಟು, ಯಾರೂ ಇಣುಕಿ ನೋಡಬಾರದು. ಈ ಕಡೆಯ ಮಾತೇ ಎಲ್ಲಕ್ಕಿಂತ ಕಷ್ಟದ್ದು. ರಾತ್ರಿ ಎರಡು ಸಲ ಹುಡುಗ ಎದ್ದು ಬಾಗಿಲ ತನಕ ಹೋದದ್ದು, ನಿಂತದ್ದು, ತಿರುಗಿ ಬಂದದ್ದು ನನಗೆ ಪಕ್ಕದ ಕೋಣೆಯಿಂದ ಕೇಳಿಸಿತು. ಬೆಳಿಗ್ಗೆ ಡಬ್ಬಿಯಲ್ಲಿ ಹಾವೊಂದೇ ಇತ್ತು, ನಡುವೆ ಕಡಲೆಕಾಯಿ ಗಾತ್ರದ ಉಬ್ಬಿನೊಂದಿಗೆ. ಹುಡುಗ ಮೆಟ್ಟಿಲಲ್ಲೇ ಕುಣಿದ. ನಾನು ಆ ದಿನ ಪಾಯಸ ಮಾಡಿದೆ. ಶಾವಿಗೆಯ ಪಾಯಸವಲ್ಲ, ಅಷ್ಟು ವಿವೇಕ ಇತ್ತು.

ತಿಂದ ಮೇಲೆ ಎರಡು ದಿನ ಮತ್ತೆ ಮುಟ್ಟುವಂತಿಲ್ಲ. ಗಾಬರಿಯಾದರೆ ತಿಂದದ್ದನ್ನು ಕಾರಿಬಿಡುತ್ತದೆ. ಅಷ್ಟು ಚಿಕ್ಕ ಮರಿಗೆ ಅದು ಅಪಾಯ. ಎರಡನೆಯ ಊಟವೂ ದಕ್ಕಿದ ಮೇಲೆ, ಅಕ್ಟೋಬರ್ ತಿಂಗಳ ಮೊದಲಲ್ಲಿ, ಕೈಗೆತ್ತಿಕೊಳ್ಳುವ ಪಾಠ ಆರಂಭವಾಯಿತು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ.

ಮೊದಲು ಕೈ ತೊಳೆಯಬೇಕು, ಇಲಿಯ ವಾಸನೆಯಿದ್ದರೆ ಬೆರಳೇ ಊಟವಾಗಿ ಕಂಡೀತು. ಕೈಯನ್ನು ಮೇಲಿನಿಂದ ಇಳಿಸಬಾರದು. ಹಾವಿನ ಮರಿಗೆ ಮೇಲಿನಿಂದ ಬರುವುದೆಲ್ಲ ಗಿಡುಗ. ಬದಿಯಿಂದ, ನೆಲಕ್ಕೆ ತಾಗಿದಂತೆ, ನಿಧಾನವಾಗಿ, ಆದರೆ ಅನುಮಾನಿಸದೆ ಬರಬೇಕು. ಮುಂದೆ ಹೋಗಿ ಹಿಂದೆ ಸರಿಯುವ ಕೈ ಅದಕ್ಕೆ ಎಲ್ಲಕ್ಕಿಂತ ಭಯ. ಕುತ್ತಿಗೆ ಹಿಡಿಯಬಾರದು, ಬಾಲ ಹಿಡಿದು ಎತ್ತಬಾರದು. ಮೈಯ ನಡುವಿಗೆ ಬೆರಳು ತೂರಿಸಿ, ಎರಡೂ ಅಂಗೈಯಲ್ಲಿ ಭಾರ ಹೊರಬೇಕು. ಎತ್ತಿದ ಮೇಲೆ ಹಿಡಿಯಲೇಬಾರದು. "ಕೈಯನ್ನು ಕೊಂಬೆ ಮಾಡು" ಎನ್ನುತ್ತಿದ್ದರು ಅಪ್ಪ. ಅದು ಮುಂದೆ ಹರಿದ ಹಾಗೆ ಇನ್ನೊಂದು ಕೈ ಮುಂದೆ, ಮತ್ತೆ ಇದು ಮುಂದೆ. ಕೊಂಬೆ ಮುಗಿಯದ ಮರದ ಹಾಗೆ.

ಮೊದಲ ದಿನ ಮರಿ ಕುತ್ತಿಗೆಯನ್ನು ಕೊಕ್ಕೆಯಂತೆ ಮಡಚಿ, ಬಾಲದ ತುದಿಯನ್ನು ಪಟಪಟ ನಡುಗಿಸಿ, ಎರಡು ಸಲ ಎರಗಿತು. ಒಮ್ಮೆ ಹೆಬ್ಬೆರಳಿಗೆ ತಾಗಿಯೂ ತಾಗಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹುಡುಗ ಕೈ ಕೊಡವಲಿಲ್ಲ. ಆಮೇಲೆ ತೋರಿಸಿದ, ಗುಲಾಬಿ ಗಿಡದ ಸಣ್ಣ ಮುಳ್ಳು ಗೀರಿದಷ್ಟೂ ಇರಲಿಲ್ಲ. ಎರಗಿದ್ದು ಸಾಲದೆಂದು ಅಂಗೈ ಮೇಲೆ ನಾರುವ ದ್ರವವನ್ನೂ ಬಿಟ್ಟಿತು. ಪಾಪ, ಅದರ ಬತ್ತಳಿಕೆಯಲ್ಲಿದ್ದದ್ದು ಅಷ್ಟೇ. ಐದು ನಿಮಿಷ ಕೈಯಲ್ಲಿರಬೇಕು, ಒದ್ದಾಟ ನಿಂತು ನಾಲಗೆ ನಿಧಾನವಾಗಿ ಆಡತೊಡಗಿದ ಮೇಲೆಯೇ ಪೆಟ್ಟಿಗೆಗೆ ಬಿಡಬೇಕು ಎಂಬುದು ಅಪ್ಪನ ಲೆಕ್ಕ. ವಾರಕ್ಕೆ ಮೂರು ಸಲ, ಅಷ್ಟೇ. ನಾಲ್ಕನೆಯ ಸಲಕ್ಕೆ ಬಾಲ ನಡುಗಲಿಲ್ಲ. ಆರನೆಯ ಸಲ ಅದು ಹುಡುಗನ ಬೆರಳ ಸಂದಿಯಲ್ಲಿ ಹೆಣೆದುಕೊಂಡು ಸುಮ್ಮನಿತ್ತು.

ನಮ್ಮ ಪುತ್ತೂರಿನ ಸಂತೆಗೆ ಹಾವಾಡಿಗರು ಬರುತ್ತಿದ್ದುದು ನೆನಪಾಗುತ್ತಿತ್ತು. ಪುಂಗಿಗೆ ತಲೆದೂಗುವ ನಾಗರವನ್ನು ಕಂಡು, ಎಷ್ಟು ಚೆನ್ನಾಗಿ ಪಳಗಿಸಿದ್ದಾನೆ ಎನ್ನುತ್ತಿದ್ದೆವು. ಹಾವು ಓಲಾಡುತ್ತಿದ್ದುದು ರಾಗಕ್ಕಲ್ಲ, ಕಣ್ಣೆದುರು ಆಡುವ ಪುಂಗಿಯ ಮೇಲೆ ಕಾವಲಿಟ್ಟು. ಅನೇಕ ಹಾವುಗಳ ಹಲ್ಲು ಕಿತ್ತು, ಕೆಲವುದರ ಬಾಯಿಯನ್ನೇ ಹೊಲಿದಿರುತ್ತಿದ್ದರೆಂಬುದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಪಂಚಮಿಯ ದಿನ ಅದು ಹಾಲು ಕುಡಿಯುತ್ತಿದ್ದುದು ಭಕ್ತಿಗೂ ಅಲ್ಲ, ರುಚಿಗೂ ಅಲ್ಲ. ದಿನಗಟ್ಟಲೆ ನೀರು ಕಾಣದ ಬಾಯಾರಿಕೆಗೆ. ಅದು ಪಳಗಿದ್ದಲ್ಲ, ಸೋತದ್ದು.

ಅಕ್ಟೋಬರ್ ನಡುವಿನಲ್ಲಿ ಒಂದು ತಮಾಷೆ ನಡೆಯಿತು. ಬಸುರಿಯನ್ನು ಕಂಡರೆ ಹಾವಿಗೆ ಕಣ್ಣು ಕಾಣಿಸುವುದಿಲ್ಲ ಎಂದು ನನ್ನ ಸೋದರತ್ತೆ ಹೇಳುತ್ತಿದ್ದಳು. ಅದನ್ನು ನಾನು ಬಂದ ದಿನವೇ ಮನೆಯಲ್ಲಿ ಹೇಳಿ ನಗೆಪಾಟಲಾಗಿತ್ತು. ಒಂದು ಬೆಳಿಗ್ಗೆ ಮಗಳು ತನ್ನ ದೊಡ್ಡ ಹೊಟ್ಟೆ ಹೊತ್ತು ಪೆಟ್ಟಿಗೆಯ ಹತ್ತಿರ ಹೋದವಳು, "ಅಮ್ಮಾ, ಇಲ್ಲಿ ಬಾ!" ಎಂದು ಕೂಗಿದಳು. ಶಾವಿಗೆಯ ಎರಡೂ ಕಣ್ಣು ಹಾಲಿನಂತೆ ಬಿಳಿಚಿಕೊಂಡಿದ್ದವು! ಸೋದರತ್ತೆ ಸ್ವರ್ಗದಲ್ಲಿ ನಕ್ಕಿರಬೇಕು. ಸಂಗತಿ ಇಷ್ಟೇ: ಪೊರೆ ಬಿಡುವ ಮೊದಲು ಹಳೆಯ ಚರ್ಮದಡಿಯಲ್ಲಿ ದ್ರವ ತುಂಬಿ ಕಣ್ಣು ಮಬ್ಬಾಗುತ್ತದೆ. ಕಣ್ಣಿಗೆ ರೆಪ್ಪೆಯಿಲ್ಲದೆ ಪಾರದರ್ಶಕ ಪೊರೆಯೇ ಇರುವುದರಿಂದ ಅದೂ ಸೇರಿ ಕಳಚಬೇಕು. ಆ ದಿನಗಳಲ್ಲಿ ಅದಕ್ಕೆ ಸರಿಯಾಗಿ ಕಾಣಿಸದು, ಹಾಗಾಗಿ ಪಳಗಿದ್ದೂ ಬೆದರುತ್ತದೆ, ಮುಟ್ಟಬಾರದು. ಒದ್ದೆ ಹಾವಸೆಯ ಡಬ್ಬಿಯೊಂದನ್ನು ಒಳಗಿಟ್ಟರು. ವಾರದೊಳಗೆ ತಲೆಯಿಂದ ಬಾಲದವರೆಗೆ ಒಂದೇ ಎಳೆಯಾಗಿ ಪೊರೆ ಬಿಟ್ಟು, ಹೊಸ ಬಣ್ಣದಲ್ಲಿ ಹೊರಬಂತು. ಹುಡುಗ ಆ ಪೊರೆಯನ್ನು ಒಂದು ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡ. ಅದನ್ನು ಮುಟ್ಟಿದ್ದು ನನ್ನ ಮೊದಲ ಧೈರ್ಯ. ಒಣಗಿದ ಈರುಳ್ಳಿ ಸಿಪ್ಪೆಯಂತಿತ್ತು.

ಇಷ್ಟರಲ್ಲಿ ಹೆರಿಗೆ ಹತ್ತಿರವಾಗಿತ್ತು. ಹುಟ್ಟುವ ಮಗುವಿಗೆ ವೈದ್ಯರಾಗುವವರನ್ನು ಮೊದಲೇ ಕಂಡುಬರುವ ಪದ್ಧತಿ ಅಲ್ಲಿದೆ. ಆಕೆ, ಮನೆಯಲ್ಲಿ ಪ್ರಾಣಿಗಳಿವೆಯೇ ಎಂದು ಕೇಳಿದರಂತೆ. ಹಾವೆಂದ ಕೂಡಲೇ ಬರೆಯುವುದನ್ನು ನಿಲ್ಲಿಸಿದರಂತೆ. ಹಾವು, ಆಮೆ, ಹಲ್ಲಿಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುತ್ತದೆ. ಆರೋಗ್ಯವಾಗಿಯೇ ಕಾಣುವ ಪ್ರಾಣಿಯ ಮೇಲೂ ಇರುತ್ತದೆ. ದೊಡ್ಡವರು ಕೈ ತೊಳೆದುಕೊಂಡರೆ ನಡೆದೀತು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಇವು ಇಲ್ಲದಿರುವುದೇ ಒಳ್ಳೆಯದು ಎಂಬುದು ಅಲ್ಲಿಯ ಸರಕಾರಿ ಆರೋಗ್ಯ ಸಂಸ್ಥೆಯ ಸಲಹೆ. ಅರುವತ್ತೈದು ದಾಟಿದವರಿಗೂ ಅಪಾಯ ಹೆಚ್ಚಂತೆ. ಹುಟ್ಟದ ಮಗುವೂ ನಾನೂ ಒಂದೇ ಪಂಕ್ತಿಯಲ್ಲಿ ಬಂದು ಕುಳಿತೆವು.

"ಹಿಂದೆ ಕಾಡು ಉಂಟಲ್ಲ, ಬಿಟ್ಟುಬಿಡಿ" ಎಂದಳು ಮಗಳು. ಅವಳಿಗೆ ಆಗ ಬೆನ್ನುನೋವು, ಯಾವುದರ ಮೇಲೂ ತಾಳ್ಮೆಯಿರಲಿಲ್ಲ. ಅಳಿಯಂದಿರು ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಹುಟ್ಟಿದ ಮರಿ ಕಾಡಿನಲ್ಲಿ ಬದುಕುವುದೂ ಕಷ್ಟ, ಅದರ ರೋಗ ಕಾಡಿನವಕ್ಕೆ ಅಂಟುವುದೂ ಇದೆ. ಹಾಗೆ ಬಿಟ್ಟದ್ದರ ಫಲ ಫ್ಲಾರಿಡಾದಲ್ಲಿದೆ ಎಂದು ಕಥೆ ಹೇಳಿದರು. ಸಾಕಲು ತಂದ ಬರ್ಮಾದ ಹೆಬ್ಬಾವುಗಳು ತಪ್ಪಿಸಿಕೊಂಡೋ, ಬೇಸತ್ತವರು ಬಿಟ್ಟೋ ಅಲ್ಲಿಯ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೆಳೆದು, ಅಲ್ಲಿಯ ಪ್ರಾಣಿಗಳನ್ನೆಲ್ಲ ತಿಂದು ತೇಗಿದವು. 2012ರಲ್ಲಿ ಆ ಹೆಬ್ಬಾವನ್ನು ದೇಶದೊಳಕ್ಕೆ ತರುವುದನ್ನೇ ನಿಷೇಧಿಸಿದರು. ಹಿಡಿಯಲು ದಾರಿ ಕಾಣದೆ 2017ರಲ್ಲಿ ತಮಿಳುನಾಡಿನ ಇರುಳರ ಪಂಗಡದ ಇಬ್ಬರನ್ನು ಕರೆಸಿಕೊಂಡರು, ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್. ನೆಲದ ಗುರುತು ನೋಡಿ ಹಾವಿನ ದಾರಿ ಹೇಳುವ ಅವರು ಕೆಲವೇ ವಾರಗಳಲ್ಲಿ ಹತ್ತಾರು ಹೆಬ್ಬಾವು ಹಿಡಿದುಕೊಟ್ಟರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಮಾಡಿದ ರಾಡಿ ತೊಳೆಯಲು ಕೊನೆಗೆ ನಮ್ಮ ಕಡೆಯವರೇ ಬೇಕಾಯಿತು ನೋಡಿ, ಎಂದು ನನಗೆ ಒಳಗೊಳಗೆ ಹೆಮ್ಮೆ.

ಕಡೆಗೆ ಅಳಿಯಂದಿರ ಕಚೇರಿಯ ಗೆಳೆಯರೊಬ್ಬರು, ಮಕ್ಕಳು ಕಾಲೇಜಿಗೆ ಹೋದವರು, ಮಗು ದೊಡ್ಡದಾಗುವವರೆಗೆ ಹಾವನ್ನು ತಮ್ಮ ಮನೆಯಲ್ಲಿಟ್ಟುಕೊಳ್ಳುತ್ತೇನೆಂದರು. ಹುಡುಗ ವಾರಕ್ಕೆ ಎರಡು ಸಲ ಹೋಗಿ ನೋಡಬಹುದು. ಕಾರ್ನ್ ಸ್ನೇಕ್ ಹದಿನೈದಿಪ್ಪತ್ತು ವರ್ಷ ಬದುಕುವ ಪ್ರಾಣಿ, ಐದು ವರ್ಷ ಏನು ಮಹಾ ಎಂದು ದೊಡ್ಡವರೆಲ್ಲ ಅವನಿಗೆ ಹೇಳಿದೆವು. ಹತ್ತು ವರ್ಷದವನಿಗೆ ಐದು ವರ್ಷವೆಂದರೆ ಅರ್ಧ ಆಯುಷ್ಯ. ಅವನು ಹೂಂ ಎಂದ, ಅಳಲಿಲ್ಲ.

ನವೆಂಬರ್ ಮೊದಲ ವಾರದ ಒಂದು ಶನಿವಾರ ಒಯ್ಯುವುದೆಂದಾಯಿತು. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಮಗಳಿಗೆ ನೋವು ಕಾಣಿಸಿತು. ಅಳಿಯಂದಿರು ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಮನೆಯಲ್ಲಿ ನಾನು, ಮೊಮ್ಮಗ, ಪೆಟ್ಟಿಗೆಯಲ್ಲಿ ಶಾವಿಗೆ.

ಎರಡು ಗಂಟೆಯವರೆಗೆ ಇಬ್ಬರೂ ಮಲಗಲಿಲ್ಲ. ನಾನು ದೇವರ ಮುಂದೆ ದೀಪ ಇಟ್ಟು ಕುಳಿತಿದ್ದೆ. ಹುಡುಗ ಬಂದು, ಹಾವನ್ನು ಒಮ್ಮೆ ಎತ್ತಿಕೊಳ್ಳಲೇ ಎಂದು ಕೇಳಿದ. ಉಂಡು ನಾಲ್ಕು ದಿನವಾಗಿತ್ತು, ಪೊರೆಯೂ ಬಿಟ್ಟಾಗಿತ್ತು, ಬೇಡವೆನ್ನಲು ಕಾರಣವಿರಲಿಲ್ಲ. ಎತ್ತಿಕೊಂಡ. ಆದರೆ ಅಮ್ಮನ ಚಿಂತೆಯಲ್ಲಿ ಅವನ ಕೈ ನಡುಗುತ್ತಿತ್ತು. ನಡುಗುವ ಕೊಂಬೆಯ ಮೇಲೆ ಹಾವು ನಿಲ್ಲುವುದಿಲ್ಲ. ಅದು ಅಂಗಿಯ ತೋಳಿನೊಳಗೆ ನುಗ್ಗಿತು, ಹೊರಗೆ ಬಂತು, ಬಾಲದ ತುದಿ ಮತ್ತೆ ಪಟಪಟಿಸಿತು. "ಅಜ್ಜಿ, ನೀನು ಹಿಡಿ. ನನಗೆ ಆಗುವುದಿಲ್ಲ" ಎಂದ.

ಹೇಗೆ ಹಿಡಿದೆನೆಂದು ಹೇಳಲಾರೆ. ಒಂದು ತಿಂಗಳು ಬಾಗಿಲಲ್ಲಿ ಕುಳಿತು ಕಂಡ ಪಾಠ ಕೈಗಳಿಗೆ ಗೊತ್ತಿತ್ತೆಂದು ತೋರುತ್ತದೆ. ಬದಿಯಿಂದ ಅಂಗೈ ಚಾಚಿದೆ, ಅದು ತಾನಾಗಿ ದಾಟಿ ಬಂತು. ತಣ್ಣಗೆ, ಲೋಳೆಯಾಗಿ ಇರುತ್ತದೆ ಎಂದುಕೊಂಡಿದ್ದೆ. ಹಾಗಿರಲಿಲ್ಲ, ಒಣಗಿದ ರೇಷ್ಮೆ ನೂಲು ಜಾರಿದಂತಿತ್ತು. ಬಳೆಗಳ ನಡುವೆ ತಲೆ ತೂರಿಸಿ, ಬಳೆಯೊಂದಕ್ಕೆ ಸುತ್ತಿಕೊಂಡು, ನಾಲಗೆಯಲ್ಲಿ ನನ್ನ ಮಣಿಗಂಟಿನ ವಾಸನೆ ಹಿಡಿಯುತ್ತ ನಿಂತಿತು. ಒಂದು ಪವನಿಗಿಂತ ತುಸು ಹೆಚ್ಚು, ಹನ್ನೊಂದು ಗ್ರಾಂ ಆಗ. ಅದರ ಮೈಯ ಸ್ನಾಯುಗಳು ಒಂದೊಂದಾಗಿ ಬಿಗಿದು ಸಡಿಲವಾಗುವುದು ಚರ್ಮಕ್ಕೆ ತಿಳಿಯುತ್ತಿತ್ತು. ನನಗೆ ಚಾಪೆ ನೆನಪಾಯಿತು, ಅಮ್ಮ ನೆನಪಾದಳು. ಕೈ ಮಾತ್ರ ಅಲುಗಲಿಲ್ಲ, ಅಲುಗಬಾರದೆಂದು ಗೊತ್ತಿದ್ದುದರಿಂದ. ಹುಡುಗ ನನ್ನ ಮುಖ ನೋಡುತ್ತಿದ್ದ. "ನನಗೊಬ್ಬ ತಮ್ಮ ಇದ್ದ" ಎಂದು ಅವನಿಗೆ ಹೇಳತೊಡಗಿದೆ. ಮನೆಯವರ್‍ಯಾರಿಗೂ ಪೂರ್ತಿಯಾಗಿ ಹೇಳಿರದಿದ್ದುದನ್ನು ಆ ಹುಡುಗನಿಗೆ ಹೇಳಿದೆ. ಅವನು ನಡುವೆ ಒಂದೇ ಪ್ರಶ್ನೆ ಕೇಳಿದ, "ಅವನ ಹೆಸರು ಎಂತ?" ಹೇಳಿದೆ.

ನಾಲ್ಕು ಗಂಟೆಯ ಸುಮಾರಿಗೆ ಫೋನು ಹೊಡೆದುಕೊಂಡಿತು. ನನ್ನ ಎರಡು ಕೈಯೂ ಕೊಂಬೆ. "ತೆಗೆಯೋ, ತೆಗೆಯೋ" ಎಂದೆ. ಹುಡುಗ ತೆಗೆದು ಕೇಳಿ, "ತಂಗಿ! ಅಮ್ಮ ಆರಾಮ ಉಂಟಂತೆ!" ಎಂದು ಕಿರುಚಿದ. ಶಾವಿಗೆ ಬೆದರಿ ನನ್ನ ಬಳೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು. ಅದನ್ನು ಬಿಡಿಸಿ ಪೆಟ್ಟಿಗೆಗೆ ಹಾಕಲು ಇಬ್ಬರಿಗೂ ಹತ್ತು ನಿಮಿಷ ಹಿಡಿಯಿತು. ಆಮೇಲೆ ಮೊಣಕೈವರೆಗೆ ಸಾಬೂನು ಹಾಕಿ ತೊಳೆದೆವು, ಬಳೆಗಳನ್ನು ಬಿಸಿನೀರಲ್ಲಿ ಹಾಕಿದೆ. ಬೆಳಿಗ್ಗೆ ಗೆಳೆಯರು ಬಂದು ಪೆಟ್ಟಿಗೆ ಒಯ್ದರು. ಮೇಜು, ನೆಲ, ಬಾಗಿಲ ಹಿಡಿಕೆ ಎಲ್ಲ ಒರೆಸಿದ ಮೇಲೆಯೇ ಮಗು ಮನೆಗೆ ಬಂತು.

ಹುಡುಗ ಬುಧವಾರ, ಭಾನುವಾರ ತಪ್ಪದೆ ಹೋಗಿ ಬರುತ್ತಿದ್ದ. ಹೊಸ ಮನೆಯಲ್ಲಿ ಒಂದು ವಾರ ಯಾರೂ ಮುಟ್ಟಲಿಲ್ಲ. ಆಮೇಲೆ ಅದು ಮೊದಲ ದಿನವೇ ತಿಂದಿತು. ಡಿಸೆಂಬರಿನ ಒಂದು ಸಂಜೆ ಅವನು ಮುಖ ಸಣ್ಣದು ಮಾಡಿಕೊಂಡು ಬಂದ. ಎಂತ ಆಯಿತೆಂದು ಕೇಳಿದರೆ, "ಅದು ಅಂಕಲ್ ಕೈ ಮೇಲೂ ಹಾಗೇ ಬರುತ್ತದೆ" ಎಂದ. "ನಾನು ಯಾರು ಅಂತ ಅದಕ್ಕೆ ಗೊತ್ತೇ ಇಲ್ಲ."

ಅಳಿಯಂದಿರು ಸುಳ್ಳು ಸಮಾಧಾನ ಹೇಳುವವರಲ್ಲ. ವಾಸನೆ ಗುರುತು ಸಿಕ್ಕಿದರೂ ಸಿಕ್ಕೀತು, ಆದರೆ ನಾಯಿಯ ಹಾಗೆ ಕಾಯುವ ಪ್ರಾಣಿ ಅದಲ್ಲ ಎಂದರು. ನೀನು ಕಲಿಸಿದ್ದು ನಿನ್ನನ್ನು ಪ್ರೀತಿಸಲು ಅಲ್ಲ, ಕೈಗೆ ಹೆದರದಿರಲು. ಅದು ಈಗ ಯಾರ ಕೈಗೂ ಹೆದರುವುದಿಲ್ಲ ಎಂದರು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಎಣ್ಣೆ ನೀರು ಮುಗಿಸಿ ನನ್ನ ಕಾಲ ಮೇಲೆ ಮಲಗಿದ್ದ ಮಗುವಿನ ಮುಷ್ಟಿಯೊಳಗೆ ಬೆರಳು ತೂರಿಸಿ, ಅದು ಬಿಗಿಹಿಡಿಯುವುದನ್ನು ನೋಡುತ್ತ ಕುಳಿತಿದ್ದ. "ಇವಳಿಗೂ ಈಗ ಗೊತ್ತಿಲ್ಲ, ಅಲ್ಲವಾ?" ಎಂದು ಕೇಳಿದ. ಈಗ ಬೆಚ್ಚಗಿರುವುದು, ವಾಸನೆ, ಇಷ್ಟೇ ಗೊತ್ತು ಎಂದೆ. ಅವನು ಮುಂದಿನ ಭಾನುವಾರವೂ ಹೋದ. ಹಾವು ಯಾರದ್ದೆಂಬ ಮಾತು ಆಮೇಲೆ ಅವನ ಬಾಯಲ್ಲಿ ಬರಲಿಲ್ಲ. ಅಂಕಲ್ ಹೇಗೆ ಎತ್ತಬೇಕೆಂದು ತಾನು ತಿದ್ದಿದ ಸುದ್ದಿಯೇ ಹೆಚ್ಚು.

2024ರ ಡಿಸೆಂಬರಿನಲ್ಲಿ ಅವರೆಲ್ಲ ಪುತ್ತೂರಿಗೆ ಬಂದಿದ್ದರು. ಅಡಿಕೆ ಕೊಯ್ಲಿನ ಕಾಲ. ಅಂಗಳದ ತುಂಬ ಅಡಿಕೆ ಹರವಿತ್ತು. ಮಧ್ಯಾಹ್ನ ಕಟ್ಟಿಗೆ ರಾಶಿಯ ಹತ್ತಿರ ಆರಡಿಯ ಕೇರೆಯೊಂದು ಬಂತು. ಕೆಲಸದವನು ಅಭ್ಯಾಸಬಲದಿಂದ ದೊಣ್ಣೆ ಎತ್ತಿಕೊಂಡ. ಬೇಡ, ಒಳಗಿಡು ಎಂದೆ. ಅವನು ನನ್ನನ್ನು ನೋಡಿದ ನೋಟ ಈಗಲೂ ನಗು ಬರಿಸುತ್ತದೆ. ಮೂವತ್ತು ವರ್ಷದಲ್ಲಿ ಈ ಅಮ್ಮ ಅಂಥ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಮೊಮ್ಮಗ ಓಡಿ ಬಂದವನು ಹತ್ತು ಮಾರು ದೂರದಲ್ಲೇ ನಿಂತು, ನಿಧಾನವಾಗಿ ಕುಕ್ಕರಗಾಲಲ್ಲಿ ಕುಳಿತ. ಮುಟ್ಟಬಾರದೆಂದು ಮೊದಲೇ ಹೇಳಿದ್ದೆ. ಇಲ್ಲಿ ವಿಷದ ಹಾವುಗಳಿವೆ, ಒಂದನ್ನು ಇನ್ನೊಂದೆಂದು ತಿಳಿದು ಸತ್ತವರೂ ಇದ್ದಾರೆ. ಅಲ್ಲದೆ ನಮ್ಮ ದೇಶದ ಹಾವನ್ನು ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

"ಇದಕ್ಕೆ ಹೆಸರು ಇಟ್ಟಿದ್ದೀಯಾ ಅಜ್ಜಿ?" ಎಂದು ಪಿಸುಗುಟ್ಟಿದ.

"ಇಲ್ಲ. ಇದು ಸಾಕಿದ್ದಲ್ಲ."

"ಎಲ್ಲಿ ಇರುತ್ತದೆ?"

"ಅಲ್ಲೇ ಕಟ್ಟಿಗೆಯ ಅಡಿಯಲ್ಲಿ ಇರಬೇಕು. ಇಲಿ ಉಂಟಲ್ಲ."

ಕೇರೆ ತಲೆಯೆತ್ತಿ ನಮ್ಮಿಬ್ಬರ ಕಡೆಗೆ ನಾಲಗೆ ಆಡಿಸಿತು. ಆಮೇಲೆ ಅಡಿಕೆಯ ಮೇಲೆ ಸರಸರ ಸದ್ದು ಮಾಡುತ್ತ ಅಂಗಳ ದಾಟಿ ತೋಟದ ಕಡೆಗೆ ಇಳಿದುಹೋಯಿತು. ಹುಡುಗ ಅದರ ಉದ್ದ ಎಷ್ಟಿದ್ದೀತೆಂದು ಹೆಜ್ಜೆಯಲ್ಲಿ ಅಳೆಯತೊಡಗಿದ. ಒಳಗಿನಿಂದ ಅವನ ತಂಗಿ ತಟ್ಟಾಡುತ್ತ ಹೊಸ್ತಿಲವರೆಗೆ ಬಂದಳು. ನಾನು ಅವಳನ್ನು ಎತ್ತಿಕೊಂಡೆ.